ದ್ರಾಕ್ಷಿಯ ಮೇಲಿನ ವಿಭೂತಿ

ಬೆಳಗಿನ ಐದೂವರೆಗೆ ಮಗಳ ಚಿತ್ರವನ್ನು ರಟ್ಟಿನ ಪೆಟ್ಟಿಗೆಗೆ ಇಳಿಸಲು ಹೋದ ಶಿವಗಂಗಾ ಹಾಗೇ ನಿಂತುಬಿಟ್ಟಳು. ಚಿತ್ರದಲ್ಲಿದ್ದ ಕಪ್ಪು ದ್ರಾಕ್ಷಿ ಗೊಂಚಲಿನ ಮೇಲೆ ಮೂರು ಬೆರಳಿನಿಂದ ಎಳೆದ ವಿಭೂತಿಯ ಮೂರು ಗೆರೆಗಳಿದ್ದವು.

ಮಗಳು ಹರ್ಷಿಣಿ ಸಂಭಾಜಿನಗರದ ಚಿತ್ರಕಲಾ ಕಾಲೇಜಿನಲ್ಲಿ ಓದುತ್ತಿದ್ದಳು. ಹಳೆಯ ಡಚ್ ಚಿತ್ರವೊಂದನ್ನು ನೋಡಿ ಹಾಗೇ ಬರೆದು ತೋರಿಸುವುದು ಕೊನೆಯ ವರ್ಷದ ಪರೀಕ್ಷೆ. ಹೋದ ಸಲ ಇದರಲ್ಲೇ ಫೇಲಾಗಿದ್ದಳು. ಈ ಸಲವೂ ಆದರೆ ಕಾಲೇಜು ಅಲ್ಲಿಗೇ ಮುಗಿದಂತೆ. ಹಾಸ್ಟೆಲಿನಲ್ಲಿ ಜಾಗ ಸಾಲದೆ ರಜೆಯಲ್ಲಿ ನಾಸಿಕದ ಮನೆಯಲ್ಲೇ ಕೂತು ಬರೆದು, ಎಣ್ಣೆಬಣ್ಣ ಒಣಗಲೆಂದು ಬಿಟ್ಟುಹೋಗಿದ್ದಳು. "ಮಮ್ಮಿ, ಯಾರೂ ಮುಟ್ಟಬಾರದು. ಧೂಳು ಕೂತರೂ ಒರೆಸಬೇಡ," ಎಂದು ಹತ್ತು ಸಲ ಹೇಳಿದ್ದಳು. ಇವತ್ತು ಪರೀಕ್ಷೆ; ಅದನ್ನು ಶಿವಗಂಗಾ ಕಾಲೇಜಿಗೆ ಮುಟ್ಟಿಸಬೇಕಿತ್ತು.

"ಅತ್ತಿ, ಇದ್ಯಾನ್ ಮಾಡೀರಿ?"

ಅತ್ತೆ ಕಾಶಿಬಾಯಿ ಆಗಷ್ಟೇ ಪೂಜೆ ಮುಗಿಸಿದ್ದರು. ಹಣೆಯ ಮೇಲೆ ಅದೇ ಮೂರು ಗೆರೆ. "ಯಾನ್ ಮಾಡ್ದೆ? ಎಂಜಲ ಊಟದ ಚಿತ್ರ ತಿಂಗಳಾಯ್ತು ಮನ್ಯಾಗ ನಿಂತದ. ಅರ್ಧಾ ಉಂಡು ಎದ್ದು ಹೋಗ್ಯಾರ, ತಟ್ಟಿ ಸುದ್ದಾ ತೆಗದಿಲ್ಲ. ಕೂಸು ಪರೀಕ್ಷಾಕ್ಕ ಅದನ್ನ ಹಂಗೇ ಒಯ್ಯಬೇಕೇನು?"

"ಹಸಿ ಬಣ್ಣದ ಮ್ಯಾಲ ಹಚ್ಚೀರಲ್ರಿ!"

"ಬಿಳೇ ಜಾಗಾದಾಗ ಕಾಣಲ್ಲವ್ವಾ. ಕರ್ರಗಿದ್ದಲ್ಲಿ ಚೊಲೋ ಕಾಣ್ತದ."

ಶಿವಗಂಗಾ ಮೆಲ್ಲಗೆ ಊದಿದಳು. ಹೋಗಲಿಲ್ಲ, ಅಂಟಿತ್ತು. ಒದ್ದೆ ಬಟ್ಟೆಗೆಂದು ಕೈ ಅಡುಗೆಕಟ್ಟೆಯತ್ತ ಚಾಚಿತು. ಒಂದೇ ಸಲ ಒರೆಸಿದರೆ ಆಗಿಹೋಗುತ್ತದೆ. ಆದರೆ ಮಗಳ ಮಾತು ನೆನಪಾಗಿ ಚಾಚಿದ ಕೈಯನ್ನು ಸೀರೆಗೆ ಒರೆಸಿಕೊಂಡಳು. ಅತ್ತೆ ಕೆಟ್ಟದ್ದು ಬಯಸಿ ಮಾಡಿದ್ದಲ್ಲವಲ್ಲ. ಗಂಡ ಮೊದಲ ಪಾಳಿಗೆಂದು ಸಿನ್ನರಿನ ಕಾರ್ಖಾನೆಗೆ ಹೊರಟಾಗಿತ್ತು. ಎರಡು ರೊಟ್ಟಿ, ಪಲ್ಯ ಡಬ್ಬಿಗೆ ತುಂಬಿಕೊಂಡು, ಪೆಟ್ಟಿಗೆಯನ್ನು ಎದೆಗೊರಗಿಸಿಕೊಂಡು ಬಸ್ ಹತ್ತಿದಳು.

ಮಗಳಿಗೆ ಫೋನ್ ಮಾಡಲೋ ಬೇಡವೋ? ಹೇಳಿದರೆ ನಾಲ್ಕು ತಾಸು ಅವಳು ಅಲ್ಲಿ ಅಳುತ್ತಾ ಕೂಡುತ್ತಾಳೆ. ಯೇವಲಾ ದಾಟುವವರೆಗೆ ಫೋನನ್ನು ಕೈಯಲ್ಲೇ ಹಿಡಿದು ಕೂತವಳು, ಕೊನೆಗೆ ಹರ್ಷಿಣಿ ಹಿಂದೊಮ್ಮೆ ಕಳಿಸಿದ್ದ ಮೂಲ ಚಿತ್ರವನ್ನು ತೆರೆದಳು.

ತಿಂಗಳಿಡೀ ಮಗಳ ಚಿತ್ರದ ಮುಂದೆ ಕಸ ಗುಡಿಸಿದ್ದಳು, ನೋಡಿರಲಿಲ್ಲ. ಈಗ ಬೆರಳಿಂದ ದೊಡ್ಡದು ಮಾಡಿ ಒಂದೊಂದೇ ಮೂಲೆ ನೋಡಿದಳು. ಅರ್ಧ ಸುಲಿದ ನಿಂಬೆಹಣ್ಣು, ಮೇಜಿನಂಚಿನಿಂದ ಕೆಳಗೆ ಸುರುಳಿಯಾಗಿ ಇಳಿಬಿದ್ದ ಅದರ ಸಿಪ್ಪೆ. ಸುಲಿದವರ ಕೈ ಎಷ್ಟು ನಿಧಾನದ್ದಿರಬೇಕು, ಎಲ್ಲೂ ತುಂಡಾಗಿಲ್ಲ! ಚಾಕುವಿನ ಹಿಡಿ ಮೇಜಿನಾಚೆ ಚಾಚಿತ್ತು, ಹಿಡಿದುಕೋ ಅನ್ನುವಂತೆ. ಗಾಜಿನ ಲೋಟದ ಹೊಟ್ಟೆಯಲ್ಲಿ ಒಂದು ಪುಟ್ಟ ಕಿಟಕಿ ಹೊಳೆಯುತ್ತಿತ್ತು. ಆ ಕಿಟಕಿ ಚಿತ್ರದಲ್ಲಿ ಬೇರೆಲ್ಲೂ ಇಲ್ಲ. ಅದು ನೋಡುವವರ ಬೆನ್ನ ಹಿಂದಿರಬೇಕು. ಶಿವಗಂಗಾ ಬಸ್ಸಿನಲ್ಲೇ ಒಮ್ಮೆ ತಿರುಗಿ ನೋಡಿ, ತನಗೆ ತಾನೇ ನಾಚಿಕೊಂಡಳು.

ಮುರಿದ ರೊಟ್ಟಿ, ಮುದುಡಿದ ಬಿಳಿ ಬಟ್ಟೆ. ಯಾರು ಉಣ್ಣುತ್ತಿದ್ದರೋ, ಯಾಕೆ ನಡುವೆಯೇ ಎದ್ದರೋ? ಯಾವ ಕೆಟ್ಟ ಸುದ್ದಿ ಬಂತೋ? ಕಣ್ಣು ದ್ರಾಕ್ಷಿಯತ್ತ ಸರಿಸಿದಳು.

ಸರಿಸಿದ್ದೇ, ಫೋನನ್ನು ಮುಖದ ಹತ್ತಿರ ತಂದಳು. ಆ ದ್ರಾಕ್ಷಿ ಬರೀ ಕಪ್ಪಾಗಿರಲಿಲ್ಲ. ಮೇಲೆ ಬೂದಿ ಬಣ್ಣದ ತೆಳು ಪುಡಿ ಕೂತಿತ್ತು. ನಾಸಿಕದಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅದು ಗೊತ್ತಿಲ್ಲವೆ? ನಿಫಾಡದ ತೋಟದಿಂದ ಪಕ್ಕದ ಮನೆಯವರು ತರುವ ಗೊಂಚಲುಗಳನ್ನು ತೊಟ್ಟು ಹಿಡಿದೇ ಎತ್ತಬೇಕು. ಬೆರಳು ತಾಕಿದಲ್ಲಿ ಆ ಪುಡಿ ಅಳಿಸಿ, ಹಣ್ಣು ಹಳೆಯದರ ಹಾಗೆ ಮಿರುಗುತ್ತದೆ. ಮಗಳ ದ್ರಾಕ್ಷಿ ಹಾಗೇ ಮಿರುಗುತ್ತಿತ್ತು. "ನನ್ನ ದ್ರಾಕ್ಷಿ ತೊಳೆದಿಟ್ಟಂಗ ಕಾಣ್ತಾವ ಮಮ್ಮಿ, ಯಾನ್ ಮಾಡಿದ್ರೂ ಬರವಲ್ದು," ಎಂದು ಒಂದು ಸಂಜೆ ಕುಂಚ ಬಿಸಾಡಿದ್ದೂ ನೆನಪಾಯಿತು.

ಕಾಲೇಜಿನ ಗೇಟಿನಲ್ಲಿ ಕಾಯುತ್ತಿದ್ದ ಹರ್ಷಿಣಿ ಪೆಟ್ಟಿಗೆ ತೆರೆದವಳೇ, "ಕಾಯ್ ಹೇ! ಆಯೀದ ಕೆಲಸ ಏನು?" ಎಂದಳು. ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು. ಮುಖ ಬಿಳಿಚಿತ್ತು. "ನೀ ಒರೆಸಿದ್ಯಾ?"

"ಇಲ್ಲವ್ವಾ. ಒಂದ್ಸಲ ಊದಿದೆ, ಅಷ್ಟೇ. ಸಿಟ್ಟಾಗಬ್ಯಾಡ, ಮೊದಲ ಇದನ್ನ ನೋಡು." ಶಿವಗಂಗಾ ಫೋನನ್ನು ಚಿತ್ರದ ಪಕ್ಕದಲ್ಲಿ ಹಿಡಿದಳು.

ಹರ್ಷಿಣಿ ಅದನ್ನೂ ಇದನ್ನೂ ನೋಡಿದಳು. ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದಳು. ಆಮೇಲೆ ಚೀಲದಿಂದ ಒಣ ಕುಂಚ ತೆಗೆದು, ಉಸಿರು ಬಿಗಿಹಿಡಿದು, ಮೂರು ಗೆರೆಗಳನ್ನು ಒಂದೊಂದೇ ಹಣ್ಣಿನ ಮೇಲೆ ಹರಡತೊಡಗಿದಳು. ಗೆರೆ ಕರಗಿತು, ದ್ರಾಕ್ಷಿಯ ಮೇಲೆ ಮಂಜು ಕೂತಂತಾಯಿತು. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು.

ಶಿವಗಂಗಾ ಬೇವಿನ ಮರದ ಕೆಳಗೆ ಕಟ್ಟೆಯ ಮೇಲೆ ಕೂತಳು. ಗಂಟೆ ಒಂದಾಯಿತು, ಒಂದೂವರೆಯಾಯಿತು. ಬೆಳಗಿನಿಂದ ಹೊಟ್ಟೆಗೆ ಬರೀ ಚಹಾ. ಡಬ್ಬಿ ತೆರೆದು ರೊಟ್ಟಿ ಮುರಿದು ಎರಡು ತುತ್ತು ಉಂಡಳಷ್ಟೇ.

"ಮಮ್ಮೀ! ಪಾಸ್!"

ಹರ್ಷಿಣಿ ಮೆಟ್ಟಿಲ ಮೇಲಿಂದಲೇ ಕೂಗುತ್ತಿದ್ದಳು. "ಯಶವಂತ ಸರ್ ಕೇಳಿದ್ರು, ಈ ಪುಡಿ ಹ್ಯಾಂಗ್ ತಂದಿ ಅಂತ. ನಾ ಖರೇ ಹೇಳ್ದೆ, ನಮ್ಮ ಆಯಿ ವಿಭೂತಿ ಹಚ್ಚ್ಯಾಳ ಅಂತ. ಪರೀಕ್ಷಾ ತಗೊಳ್ಳೋ ಮೂರೂ ಮಂದಿ ಸರ್ ನಕ್ಕಿದ್ದೇ ನಕ್ಕಿದ್ದು! ಆಮ್ಯಾಲ ಹತ್ರ ಬಂದು ನೋಡಿ, ನಿಂಬೆಹಣ್ಣು, ಲೋಟ ಎಲ್ಲಾ ಚೊಲೋ ಬಂದಾವ ಅಂದ್ರು. ಚಿತ್ರದ ಚೀಟಿ ಮ್ಯಾಲ ಎಣ್ಣೆಬಣ್ಣ ಮತ್ತ ವಿಭೂತಿ ಅಂತ ಬರಿ ಅಂದ್ರು. ಲಗೂನ ಬಾ, ತೋರಸ್ತೀನಿ, ಲೌಕರ್ ಯೇ!"

"ಅಯ್ಯ ನನ್ನ ಬಂಗಾರ," ಎನ್ನುತ್ತ ಶಿವಗಂಗಾ ಎದ್ದಳು. ಎಂಜಲು ಕೈಯನ್ನು ಸೆರಗಿಗೆ ತಾಕದಂತೆ ಮೇಲೆತ್ತಿಕೊಂಡು, ಇನ್ನೊಂದು ಕೈಯಲ್ಲಿ ನಿರಿಗೆ ಹಿಡಿದು, ಮಗಳ ಕಡೆ ಓಡಿಯೇಬಿಟ್ಟಳು.

ಕಟ್ಟೆಯ ಮೇಲೆ ಡಬ್ಬಿ ತೆರೆದೇ ಇತ್ತು. ಮುಚ್ಚಳ ವಾಲಿತ್ತು. ಮುರಿದ ರೊಟ್ಟಿಯ ಮೇಲೆ ಬೇವಿನೆಲೆಗಳ ನಡುವಿನಿಂದ ಬಿಸಿಲು ಬಿದ್ದಿತ್ತು.