ಹಿಟ್ಟಿಲ್ಲದ ರೊಟ್ಟಿ

ಇವತ್ತೂ ಅವಳು ಅಳುತ್ತಾಳೆ. ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯ ಬೆನ್ನು ನೋಡುತ್ತಿದ್ದ ಶೆನ್‌ಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಗೆಂಗ್ ಬಾಯಿ ತೆರೆದರೆ ಸಾಕು, ಚಿಯಾವ್‌ಯುನ್‌ಳ ಕಣ್ಣು ತುಂಬುತ್ತದೆ. ಹೋದ ವರ್ಷವೂ ತುಂಬಿತ್ತು, ಅದರ ಹಿಂದಿನ ವರ್ಷವೂ.

"ಈ ಸಲ ಹಿಟ್ಟು ಹಾಕಬೇಡ," ಎಂದ.

ಹೊಟ್ಟು ಕಲೆಸುತ್ತಿದ್ದ ಕೈ ನಿಂತಿತು. "ಮಕ್ಕಳು ಹೇಗೆ ನುಂಗ್ತಾವೆ ಮೇಷ್ಟ್ರೇ? ಒಂದು ಹಿಡಿನೂ ಬೇಡ್ವಾ?"

ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೆ ಅವನು ಮೇಷ್ಟ್ರೇ.

"ಸಮಿತಿ ಅಧ್ಯಕ್ಷರ ಅಪ್ಪಣೆ."

ಅಧ್ಯಕ್ಷರು ಅಂಥ ಅಪ್ಪಣೆ ಕೊಟ್ಟಿರಲಿಲ್ಲ.

"ಹಾಗಾದ್ರೆ ಇದು ಕಚ್ಕೊಳಲ್ಲ. ಮರದ ತೊಗಟೆ ಅರೆದು ಹಾಕ್ತೀನಿ."

"ಅದನ್ನ ಎಲ್ಲಿ ಕಲಿತೆ?"

ಅವಳು ಒರಳು ತೊಳೆಯತೊಡಗಿದಳು.

ವರ್ಷಕ್ಕೊಮ್ಮೆ ಹಳೆಯ ಕಷ್ಟ ನೆನೆಯುವ ಸಭೆ. ಜಮೀನ್ದಾರರ ಕಾಲದಲ್ಲಿ ಬಡವರು ತಿಂದ ಹೊಟ್ಟಿನ ರೊಟ್ಟಿಯನ್ನು ಮೊದಲು ಎಲ್ಲರೂ ತಿನ್ನಬೇಕು. ಆಮೇಲೆ ಬಡರೈತನೊಬ್ಬ ಎದ್ದು ತನ್ನ ಕಷ್ಟ ಹೇಳಬೇಕು. ಎಲ್ಲರೂ ಅಳಬೇಕು, ಪಕ್ಷಕ್ಕೆ ಜಯಕಾರ ಹಾಕಿ ಮನೆಗೆ ಹೋಗಬೇಕು. ರೊಟ್ಟಿಗೆ ಗುಟ್ಟಾಗಿ ಹಿಟ್ಟು ಬೆರೆಸುವುದು ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ವಿಷಯ. ಗೆಂಗ್ ದಶುವಾನ್ ಅಂತೂ ಮಾತಿಗೆ ಮುಂಚೆ ಚಪ್ಪರಿಸಿ ತಿನ್ನುತ್ತಿದ್ದ. ಇವತ್ತು ಅವನ ಗಂಟಲಿಗೆ ಸಿಕ್ಕಲಿ. ಅವಳ ಕಣ್ಣೆದುರು ಕೆಮ್ಮಲಿ, ಮೂಗಲ್ಲಿ ನೀರು ಸುರಿಯಲಿ. ಶೆನ್‌ಗೆ ಬೇಕಾಗಿದ್ದುದು ಅಷ್ಟೇ. ದೊಡ್ಡ ಆಸೆಯೇನಲ್ಲ.

ಗೆಂಗ್ ಅವಳ ಊರಿನವನು. ಎತ್ತರದ ಆಳು. ಅಜ್ಜ ಮುತ್ತಜ್ಜನ ಕಾಲದಿಂದ ಕೂಲಿ, ಅಂದರೆ ಈಗಿನ ಲೆಕ್ಕದಲ್ಲಿ ಕುಲೀನ. ಶೆನ್‌ನ ಅಪ್ಪನಿಗೆ ಬಟ್ಟೆ ಅಂಗಡಿ ಇತ್ತು. ಆ ಕಲೆ ಎಷ್ಟು ತೊಳೆದರೂ ಹೋಗಿರಲಿಲ್ಲ.

ಆದರೆ ಗೆಂಗ್ ಆಡುವ ಮಾತೆಲ್ಲ ಶೆನ್ ಬರೆದದ್ದು. ಪಕ್ಷಕ್ಕೆ ಹೊಸ ಚಳವಳಿ ಬಂದ ಹಾಗೆಲ್ಲ ಸತ್ತ ಜಮೀನ್ದಾರ ಲಿಯಾವ್ ಇನ್ನಷ್ಟು ಕೆಟ್ಟವನಾಗುತ್ತ ಬಂದಿದ್ದ. ಭೂಮಿ ಹಂಚುವಾಗ ಅವನು ಬರೀ ಧಾನ್ಯ ಕಿತ್ತುಕೊಂಡವನು. ಊರಿನ ಹೊಲ, ಒಲೆ ಎಲ್ಲ ಒಟ್ಟಾಗಿ ಕಮ್ಯೂನ್ ಬಂದಾಗ ಅವನ ಕೈಗೆ ಚಾಟಿ ಬಂತು. ಈಗ, ಸಾಂಸ್ಕೃತಿಕ ಕ್ರಾಂತಿಯಲ್ಲಿ, ನಾಯಿ. ಆ ನಾಯಿಯನ್ನು ಹುಟ್ಟಿಸಿದವನು ಶೆನ್. ಅದು ಕಚ್ಚಿದ್ದೆಂದು ಗೆಂಗ್ ತೋರಿಸುವ ಕಾಲಿನ ಗಾಯ ಟ್ರ್ಯಾಕ್ಟರಿನದು.

ಒಮ್ಮೆ ಮನೆಯಲ್ಲಿ ಆ ಭಾಷಣವನ್ನೇ ಅವಳಿಗೆ ದನಿ ನಡುಗಿಸಿ ಓದಿ ಹೇಳಿದ್ದ. ಪೂರ್ತಿ ಕೇಳಿ ಅವಳು, "ಉಪ್ಪು ಮುಗಿದಿದೆ," ಎಂದಿದ್ದಳು. ಅದೇ ಮಾತು ಗೆಂಗ್‌ನ ಬಾಯಲ್ಲಿ ಬಂದರೆ ಕಣ್ಣೀರು ಕೋಡಿ ಹರಿಯುತ್ತದೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಗೆಂಗ್ ಬಂದವನೇ ಶೆನ್‌ನ ಬೆನ್ನಿಗೊಂದು ಗುದ್ದಿದ. "ಏನ್ ಮೇಷ್ಟ್ರೇ, ನಿಮ್ಮ ನಾಯಿ ಈ ವರ್ಷ ಮರಿ ಹಾಕ್ತೋ?"

ಒಳಗಿನಿಂದ ಚಿಯಾವ್‌ಯುನ್ ನಕ್ಕಳು. ಆ ನಗು ಶೆನ್‌ನ ಮನೆಯಲ್ಲಿ ಯಾವತ್ತೂ ಕೇಳಿಸಿರಲಿಲ್ಲ.

ಅಂಗಳದಲ್ಲಿ ಮಕ್ಕಳು, ಹಳ್ಳಿಯವರು ಸಾಲಾಗಿ ಕೂತರು. ಕ್ರಾಂತಿ ಸಮಿತಿಯ ಹೊಸ ಅಧ್ಯಕ್ಷ ಪಾಂಗ್ ಸೇನೆಯಿಂದ ಬಂದವರು, ದೂರದ ಈಶಾನ್ಯದವರು. ಈ ಕಡೆಯ ಹಳ್ಳಿ ಮಾತು ಅವರಿಗೆ ಅರ್ಧ ಅರ್ಥವಾದರೆ ಹೆಚ್ಚು. ಬಿಡಿಸಿ ಹೇಳಲು ಶೆನ್ ಪಕ್ಕದಲ್ಲೇ ಕೂತ.

ಗೆಂಗ್ ರೊಟ್ಟಿ ಕಚ್ಚಿದ. ಕೆಮ್ಮಲಿಲ್ಲ. ಅಗಿಯುತ್ತಿದ್ದವನು ನಿಲ್ಲಿಸಿದ. ಕೈಯಲ್ಲಿದ್ದ ಚೂರನ್ನು ನೋಡಿದ, ಆಮೇಲೆ ಅಡುಗೆಮನೆಯ ಬಾಗಿಲನ್ನು. ಅಲ್ಲಿ ಚಿಯಾವ್‌ಯುನ್ ನಿಂತಿದ್ದಳು.

"ತೊಗಟೆ," ಎಂದ.

ಜಮೀನ್ದಾರ ಬರಲಿಲ್ಲ. ನಾಯಿಯೂ ಬರಲಿಲ್ಲ.

"ಆ ಚಳಿಗಾಲ ದೊಡ್ಡ ಅಡುಗೆಮನೆ ಒಲೆ ಆರಿಹೋಯ್ತು. ಮನೇಲಿ ಬೇಯ್ಸೋಣ ಅಂದ್ರೆ ಪಾತ್ರೆ ಎಲ್ಲಿ, ಕಬ್ಬಿಣ ಬೇಕು ಅಂತ ಎಲ್ಲಾ ಕರಗಿಸಿದ್ವಲ್ಲ. ನಾನು ತೊಗಟೆ ಕೀಳೋಕೆ ಮರ ಹತ್ತಿದ್ದೆ. ಚಿಯಾವ್‌ಯುನ್ ತಮ್ಮ ಕೆಳಗೆ ಕೂತಿದ್ದ. ಅಣ್ಣ, ನಂಗೂ ಒಂಚೂರು ಅಂದ. ಇರೋ, ಇಳಿದು ಬಂದು ಕೊಡ್ತೀನಿ ಅಂದೆ. ಇಳಿದು ಬಂದಾಗ ಬಾಯಿ ತೆಕ್ಕೊಂಡೇ ಇದ್ದ."

ಹೆಂಗಸರು ಅಳತೊಡಗಿದರು. ಪ್ರತಿವರ್ಷದ ಅಳುವಲ್ಲ ಇದು, ಸದ್ದೇ ಇರಲಿಲ್ಲ. ಲಿಯಾವ್‌ನನ್ನು ಗುಂಡಿಟ್ಟು ಕೊಂದು ಆ ಚಳಿಗಾಲಕ್ಕೆ ಆಗಲೇ ಎಷ್ಟೋ ವರ್ಷವಾಗಿತ್ತು. ದೊಡ್ಡ ಅಡುಗೆಮನೆ ಕಮ್ಯೂನಿನದು, ಅಂದರೆ ಪಕ್ಷದ್ದೇ. ಅಂಗಳದಲ್ಲಿದ್ದ ಎಲ್ಲ ದೊಡ್ಡವರಿಗೂ ಅದು ಗೊತ್ತಿತ್ತು. ಪಕ್ಕದ ಊರಲ್ಲಿ ಹೀಗೆಯೇ ಬಾಯಿತಪ್ಪಿದ ಮುದುಕನನ್ನು ಲಾರಿ ಹತ್ತಿಸಿಕೊಂಡು ಹೋದದ್ದು, ಅವನು ಮರಳಿ ಬಾರದ್ದೂ ಗೊತ್ತಿತ್ತು.

ಆ ಚಳಿಗಾಲ ಶೆನ್ ಪಟ್ಟಣದ ತರಬೇತಿ ಶಾಲೆಯಲ್ಲಿದ್ದ. ಪಡಿತರ ಚೀಟಿ ಇತ್ತು. ಮದುವೆಯಾದ ಹೊಸದರಲ್ಲಿ ಅವಳು ಕೇಳಿದ್ದಳು: "ಆವಾಗ ನೀವೇನು ತಿಂದ್ರಿ?" "ಗಂಜಿ. ಕೆಲವು ದಿನ ಮೂಲಂಗಿ," ಎಂದಿದ್ದ. ಅವಳು ಮತ್ತೆಂದೂ ಕೇಳಲಿಲ್ಲ. ಅವಳಿಗೊಬ್ಬ ತಮ್ಮನಿದ್ದ ಎಂಬುದು ಅವನಿಗೆ ಗೊತ್ತಾದದ್ದೇ ಈಗ.

ಪ್ರೇಮವಾಗಿದ್ದರೆ ಜಗಳವಾಡಬಹುದಿತ್ತು. ಗೆಂಗ್‌ಗೂ ಅವಳಿಗೂ ನಡುವೆ ಇದ್ದದ್ದು ಹಸಿವು, ಅದರಲ್ಲಿ ತನಗೆ ಚೂರೂ ಪಾಲಿಲ್ಲ. ಮರದ ಕೆಳಗೆ ಬಾಯಿ ತೆರೆದು ಕೂತ ಆ ಹುಡುಗನ ಮೇಲೂ ಶೆನ್‌ಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಯೂ ಆಯಿತು, ಆದರೆ ಕಿಚ್ಚು ಆರಲಿಲ್ಲ.

ಪಾಂಗ್ ಕಣ್ಣೊರೆಸಿಕೊಂಡರು. "ಭೇಷ್. ಇಂಥ ಅಳು ಯಾವ ಊರಲ್ಲೂ ನೋಡಿಲ್ಲ. ಇವನನ್ನ ಜಿಲ್ಲಾ ಸಭೆಗೇ ಕರ್ಕೊಂಡು ಹೋಗ್ಬೇಕು." ಆಮೇಲೆ ಶೆನ್‌ನ ಕಡೆ ಬಾಗಿದರು. "ಮೇಷ್ಟ್ರೇ, ಅರ್ಧ ತಿಳೀಲಿಲ್ಲ ನಂಗೆ. ಆ ದೊಡ್ಡ ಅಡುಗೆಮನೆ ಯಾರದ್ದು?"

ಲಿಯಾವ್‌ನದು ಎಂದರೆ ಮುಗಿಯಿತು. ಎಷ್ಟು ಸಲ ಬರೆದ ಹೆಸರು ಅದು. ಕಮ್ಯೂನಿನದು ಎಂದರೂ ಮುಗಿಯಿತು, ಗೆಂಗ್‌ನ ಕತೆ.

ಗೆಂಗ್ ನೆಲ ನೋಡುತ್ತಿದ್ದ. ಶೆನ್ ತಲೆ ಎತ್ತಿದ. ಚಿಯಾವ್‌ಯುನ್ ಗೆಂಗ್‌ನನ್ನು ನೋಡುತ್ತಿರಲಿಲ್ಲ. ತನ್ನನ್ನು ನೋಡುತ್ತಿದ್ದಳು. ಅಳು ನಿಂತಿತ್ತು. ಕಣ್ಣು ಅವನ ತುಟಿಯ ಮೇಲಿತ್ತು. ಅವಳು ಹೀಗೆ ಅವನನ್ನು ನೋಡಿದ್ದೇ ಇಲ್ಲ.

ಶೆನ್ ತಟ್ಟೆಯಿಂದ ರೊಟ್ಟಿ ತೆಗೆದು ಬಾಯಿಗೆ ತುರುಕಿಕೊಂಡ.

"ಮೇಷ್ಟ್ರೇ?" ಎಂದರು ಪಾಂಗ್.

ತಾಳಿ ಎಂದು ಕೈಸನ್ನೆ ಮಾಡಿದ. ಹೊಟ್ಟು ಒಣಮಣ್ಣಿನ ಹಾಗೆ ಬಾಯಿ ತುಂಬಿತು, ತೊಗಟೆಯ ನಾರು ಹಲ್ಲಿಗೆ ಸಿಕ್ಕಿತು. ಅವಳು ಇನ್ನೂ ನೋಡುತ್ತಲೇ ಇದ್ದಳು. ನುಂಗಿದರೆ ಉತ್ತರ ಹೇಳಬೇಕು, ಹೇಳಿದರೆ ಆ ನೋಟ ಹೋಗುತ್ತದೆ. ಶೆನ್ ನಿಧಾನವಾಗಿ ಅಗಿಯುತ್ತ, ಇನ್ನೊಂದು ರೊಟ್ಟಿಗೆ ಕೈ ಚಾಚಿದ.