ಅಪ್ಪ ಕೂತ ಕುರ್ಚಿ

ಹದಿನಾರು ವರ್ಷದ ಆ ಹುಡುಗಿಗೆ ಮನೆಯಲ್ಲಿ ರೇಡಿಯೋ ಎಂದೇ ಹೆಸರು. ಮಾತು ಕಲಿತಾಗಿನಿಂದ ಬಾಯಿಗೆ ಬಿಡುವೇ ಕೊಟ್ಟವಳಲ್ಲ ಎಂದು ಅಪ್ಪ ಇಟ್ಟ ಅಡ್ಡಹೆಸರು ಅದು. ಈಗ ಆ ಬಾಯಿಗೆ ಬೀಗ ಬಿದ್ದು ವರ್ಷವಾಗುತ್ತ ಬಂದಿತ್ತು. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ಏನೆಂದು ಕೇಳಿದರೆ ಗಂಟುಮುಖ, ಇನ್ನೊಂದು ಮಾತು ಕೇಳಿದರೆ ಬಾಗಿಲು ದಢಾರ್! ಲಿಫ್ಟ್ ರಿಪೇರಿ ಮಾಡುವ ಅಪ್ಪ ಎಂಥೆಂಥ ಕಟ್ಟಡಗಳಲ್ಲಿ ಸಿಕ್ಕಿಹಾಕಿಕೊಂಡವರನ್ನೆಲ್ಲ ಹೊರಗೆ ಎಳೆದವನು. ಮಗಳ ಕೋಣೆಯ ಬಾಗಿಲ ಮುಂದೆ ಮಾತ್ರ ಬೆಪ್ಪನಂತೆ ನಿಂತುಬಿಡುತ್ತಿದ್ದ. ಕೊನೆಗೆ ಶಾಲೆಯವರೇ, ಮನೆಮಂದಿಯೆಲ್ಲ ಒಟ್ಟಿಗೆ ಕೌನ್ಸೆಲಿಂಗ್‌ಗೆ ಹೋಗಿ ಬನ್ನಿ ಎಂದರು.

ಹಾಗೆ ಶುರುವಾದದ್ದು ಶನಿವಾರದ ಈ ಸವಾರಿ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕೌನ್ಸೆಲರ್ ಮೇಡಂ ಅವರ ಕೋಣೆ. ಒಂದಕ್ಕೊಂದು ಹೊಂದದ ಐದು ಕುರ್ಚಿಗಳು, ನಡುವೆ ಗಿಡ್ಡ ಮೇಜು, ಅದರ ಮೇಲೆ ಕಣ್ಣೊರೆಸಿಕೊಳ್ಳಲು ಟಿಶ್ಯೂ ಡಬ್ಬಿ. ಮೊದಲ ದಿನವೇ ಅಪ್ಪ ಅದನ್ನು ನೋಡಿ, "ಅಳಿಸೋಕೆ ಮೊದಲೇ ತಯಾರಿ ಮಾಡ್ಕೊಂಡಿದ್ದಾರೆ ಕಣೇ" ಎಂದು ಅಮ್ಮನ ಕಿವಿಯಲ್ಲಿ ಹೇಳಿದ್ದ. ಎರಡು ಶನಿವಾರ ಹೋಗಿ ಬಂದರೂ ರೇಡಿಯೋ ತುಟಿಪಿಟಿಕ್ಕೆಂದಿರಲಿಲ್ಲ.

ಆದರೆ ಈ ಸಲ ಅವಳು ಹೇಳಲೆಂದೇ ಬಂದಿದ್ದಳು. ಶಾಲೆಯಲ್ಲಿ ಜೊತೆಗಿದ್ದ ಹುಡುಗಿಯರು ಅವಳನ್ನು ಬಿಟ್ಟುಹಾಕಿ ವರ್ಷವಾಗಿತ್ತು. ಊಟದ ಗಂಟೆ ಹೊಡೆದಾಗ ಎಲ್ಲರ ಕಣ್ಣೆದುರು ಒಬ್ಬಳೇ ಕೂರಲಾರದೆ ಡಬ್ಬಿ ಹಿಡಿದುಕೊಂಡು ಟಾಯ್ಲೆಟ್ಟಿಗೆ ಹೋಗಿ, ಚಿಲಕ ಹಾಕಿಕೊಂಡು, ಅಲ್ಲೇ ತಿನ್ನುತ್ತಿದ್ದಳು. ಬಾಗಿಲಿನ ಕೆಳಗೆ ಶೂ ಕಂಡರೆ ಯಾರೆಂದು ಗೊತ್ತಾಗುತ್ತದೆಂದು ಕಾಲು ಮೇಲೆತ್ತಿಕೊಂಡಿರುತ್ತಿದ್ದಳು. ಇದು ಗೊತ್ತಿದ್ದದ್ದು ಒಬ್ಬಳಿಗೇ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕನಿಗೆ. ಎರಡು ತಿಂಗಳ ಹಿಂದೊಂದು ಭಾನುವಾರ ಅಕ್ಕ ತಲೆ ಒರೆಸಿಕೊಡುತ್ತಿದ್ದಾಗ ಎಲ್ಲವೂ ತಾನಾಗಿ ಬಾಯಿಗೆ ಬಂದಿತ್ತು.

"ಅಪ್ಪ ಅಮ್ಮನಿಗೆ ನೀನೇ ಹೇಳೇ," ಎಂದು ಈ ವಾರ ಅಕ್ಕ ಬೆನ್ನು ಹತ್ತಿದ್ದಳು. "ಪಾಪ, ಅವರಿಗೇನೂ ಗೊತ್ತಿಲ್ಲ. ನಾನು ಪಕ್ಕದಲ್ಲೇ ಕೂತಿರ್ತೀನಿ."

ಆ ಧೈರ್ಯದ ಮೇಲೆ ಹುಡುಗಿ ವಾರವಿಡೀ ಬಚ್ಚಲುಮನೆಯ ಕನ್ನಡಿಯ ಮುಂದೆ ಮಾತು ಜೋಡಿಸಿದ್ದಳು. ಅಮ್ಮ ಅತ್ತರೆ ಹೇಗೆ ಸಮಾಧಾನ ಮಾಡಬೇಕು ಎಂಬುದನ್ನೂ ಯೋಚಿಸಿಟ್ಟುಕೊಂಡಿದ್ದಳು.

ಮೇಡಂ ಅಂದು ಬೇರೆಯೇ ಆಟ ಹೂಡಿದರು. "ಇವತ್ತು ಕುರ್ಚಿ ಬದಲಾಯಿಸೋಣ. ಯಾರ ಕುರ್ಚೀಲಿ ಕೂರ್ತೀರೋ ಅವರೇ ಆಗಿ ಮಾತಾಡ್ಬೇಕು. ಮೊದಲು ಅಪ್ಪ ಮಗಳ ಜಾಗಕ್ಕೆ ಬರ್ಲಿ."

"ನಾಟಕಾನಾ ಮೇಡಂ? ಶಾಲೇಲಿ ನಂಗೆ ಮರದ ಪಾರ್ಟು ಕೊಟ್ಟಿದ್ರು. ಅದರಲ್ಲೂ ಅಲ್ಲಾಡಿ ಬೈಸ್ಕೊಂಡಿದ್ದೆ" ಎನ್ನುತ್ತ ಅಪ್ಪ ಎದ್ದ.

ಮಗಳ ಕುರ್ಚಿಯಲ್ಲಿ ಒಂದು ಕಾಲು ಮಡಚಿ ಕೂತ. ಅಂಗಿಯ ತೋಳನ್ನು ಬೆರಳು ಮುಚ್ಚುವಷ್ಟು ಎಳೆದುಕೊಂಡ. ನೆಲ ನೋಡುತ್ತ, "ಹೂಂ... ಗೊತ್ತಿಲ್ಲ... ಬಿಡು" ಎಂದು ಗೊಣಗಿದ. ಥೇಟ್ ಅವಳೇ! ಅಮ್ಮ ನಕ್ಕಳು, ಅಕ್ಕ ನಕ್ಕಳು, ಎಷ್ಟೋ ದಿನಗಳ ಮೇಲೆ ರೇಡಿಯೋ ಕೂಡ ಕಿಸಕ್ಕೆಂದಳು. ನನ್ನನ್ನು ಇಷ್ಟು ಚೆನ್ನಾಗಿ ನೋಡಿಟ್ಟುಕೊಂಡಿದ್ದಾನಲ್ಲ ಅಪ್ಪ ಎಂದು ಅವಳಿಗೆ ಎದೆ ತುಂಬಿ ಬಂತು. ಅಪ್ಪ ಏಳಲಿ, ಹೇಳಿಯೇಬಿಡುತ್ತೇನೆ ಎಂದುಕೊಂಡಳು.

"ಶಾಲೆ ಹೇಗಿದೆ?" ಎಂದು ಮೇಡಂ ಮಗಳಾಗಿದ್ದ ಅಪ್ಪನನ್ನು ಕೇಳಿದರು.

"ಶಾಲೇಲಿ ನಂಗೆ ಯಾರೂ ಇಲ್ಲ ಮೇಡಂ." ಅಪ್ಪನಿಗೆ ಪಾತ್ರ ಮೈಮೇಲೆ ಬಂದುಬಿಟ್ಟಿತ್ತು. "ಊಟದ ಬೆಲ್ ಹೊಡೆದ್ರೆ ಎದೆ ಡವಡವ ಅನ್ನುತ್ತೆ. ಡಬ್ಬಿ ತಗೊಂಡು ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕ್ಕೋತೀನಿ. ಶೂ ಕಾಣಬಾರ್ದು ಅಂತ ಕಾಲು ಮೇಲೆತ್ಕೊಂಡು..." ಅವನು ನಿಜವಾಗಿಯೇ ಅಳುತ್ತಿದ್ದ.

"ರೀ!" ಎಂದಳು ಅಮ್ಮ.

ಅದು ಆಶ್ಚರ್ಯದ 'ರೀ' ಅಲ್ಲ. ಹೇಳಬಾರದ್ದನ್ನು ಅಪ್ಪ ನೆಂಟರ ಮುಂದೆ ಹೇಳಹೊರಟಾಗ ಅಮ್ಮ ಹಲ್ಲು ಕಚ್ಚಿ ಹೇಳುವ 'ರೀ'. ಹುಡುಗಿಗೆ ಅಷ್ಟು ಸಾಕಾಯಿತು. ಅವಳು ಅಕ್ಕನ ಕಡೆ ತಿರುಗಿದಳು. ಪಕ್ಕದಲ್ಲೇ ಕೂತಿರುತ್ತೇನೆ ಎಂದಿದ್ದ ಅಕ್ಕ, ಕೂತೇನೋ ಇದ್ದಳು, ಕಣ್ಣು ಮಾತ್ರ ಕಿಟಕಿಯಾಚೆ ಇತ್ತು.

"ಇವರಿಗೆ ಯಾವಾಗಿಂದ ಗೊತ್ತು?"

"ನಿನ್ನ ಒಳ್ಳೇದಕ್ಕೇ ಕಣೇ..." ಎಂದಳು ಅಕ್ಕ.

"ಯಾವಾಗಿಂದ ಅಂತ ಕೇಳ್ದೆ."

"ನೀನು ಹೇಳಿದ ದಿನಾನೇ ಬಂದು ಹೇಳಿದ್ಲಮ್ಮ," ಎಂದು ಅಮ್ಮ ಒಪ್ಪಿಕೊಂಡಳು. "ನಮಗೇನು ಸಂಕಟ ಆಗ್ಲಿಲ್ವಾ? ನೀನಾಗೇ ಬಾಯಿ ಬಿಡ್ಲಿ ಅಂತ ಕಾದ್ವಿ."

ಎರಡು ತಿಂಗಳು! ದಿನಾ ಬೆಳಿಗ್ಗೆ ಡಬ್ಬಿ ತುಂಬಿಕೊಟ್ಟದ್ದು ಈ ಅಮ್ಮನೇ. ಸಂಜೆ ಅದನ್ನು ತೊಳೆಯುತ್ತ, ಇವತ್ತು ಯಾರ ಜೊತೆ ಊಟ ಮಾಡಿದೆ ಎಂದು ಕೇಳುತ್ತಿದ್ದದ್ದೂ ಇವಳೇ. ಅಮ್ಮನ ಜೀವ ನೋಯಬಾರದೆಂದು ಹುಡುಗಿ ಇಲ್ಲದ ಗೆಳತಿಯರನ್ನು ಹುಟ್ಟಿಸಿ, ಅವರ ಬಾಯಲ್ಲಿ ಜೋಕುಗಳನ್ನು ಹೇಳಿಸಿದ್ದಳು. ಅಮ್ಮ ಪಾತ್ರೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಮೋಸ ಮಾಡುತ್ತಿದ್ದೇನೆಂದು ಕೊರಗಿದ್ದು ಮಗಳು. ಮೋಸ ಹೋದದ್ದೂ ಅವಳೇ. ಮೈಮೇಲಿನ ಬಟ್ಟೆಯನ್ನು ಮನೆಯವರೆಲ್ಲ ಸೇರಿ ಎಳೆದಂತೆ ಅವಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಮೈಯುರಿಯುವಂಥ ಸಿಟ್ಟು ಬಂತು.

ಮೇಡಂ ಮುಂದಕ್ಕೆ ಬಾಗಿ, "ಇಲ್ಲಿಗೆ ನಿಲ್ಲಿಸೋಣ. ಸ್ವಲ್ಪ ನೀರು ಕುಡಿ" ಎಂದರು.

"ಬೇಡ ಮೇಡಂ. ನನ್ನ ಸರದಿ ಇನ್ನೂ ಆಗಿಲ್ಲ." ಅವಳು ಎದ್ದು ಅಕ್ಕನ ಮುಂದೆ ನಿಂತಳು. "ಏಳು."

ಅಕ್ಕ ಎದ್ದಳು. ರೇಡಿಯೋ ಆ ಕುರ್ಚಿಯಲ್ಲಿ ಕೂತು, ಅಕ್ಕನಂತೆಯೇ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ದನಿ ತಗ್ಗಿಸಿದಳು.

"ಅಮ್ಮಾ, ಬಾಗಿಲು ಹಾಕ್ಕೊಂಡು ಬಾ. ಇವತ್ತು ಏನೇನು ಹೇಳಿದ್ಲು ಗೊತ್ತಾ? ನಾನು ಹೇಳ್ದೆ ಅಂತ ಮಾತ್ರ ತೋರಿಸ್ಕೋಬೇಡಿ. ಆಮೇಲೆ ನನ್ನ ಹತ್ರ ಏನೂ ಹೇಳಲ್ಲ ಅವಳು."

ಅಮ್ಮನ ಮುಖ ಬಿಳಿಚಿಕೊಂಡಿತು. "ನೀನು ಕೇಳಿಸ್ಕೊಂಡ್ಯಾ?"

ಅವಳೇನೂ ಕೇಳಿಸಿಕೊಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಆಡಿದ್ದಳು. ಇಲ್ಲ ಎಂದು ಯಾರಾದರೂ ಬೈಯಲಿ ಎಂಬ ಆಸೆ ಒಂದಿಷ್ಟು ಉಳಿದಿತ್ತು, ಅದೂ ಹೋಯಿತು.

ಅಪ್ಪ ಇನ್ನೂ ಅವಳ ಕುರ್ಚಿಯಲ್ಲೇ ಮುದುಡಿ ಕೂತಿದ್ದ, ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತ. ಮೇಡಂ ಅವನನ್ನು ಎಬ್ಬಿಸಿ, "ಈಗ ನಿನ್ನ ಜಾಗಕ್ಕೆ ಬಾಮ್ಮ. ನೀನು ನೀನಾಗಿ ಏನು ಹೇಳ್ಬೇಕು ಅಂತಿದ್ಯೋ ಹೇಳು" ಎಂದರು.

"ಹೇಳೋಕೆ ಏನೂ ಉಳಿದಿಲ್ಲ ಮೇಡಂ. ಒಂದೇ ಇತ್ತು. ಅಪ್ಪನೇ ಹೇಳಾಯ್ತಲ್ಲ."

ಅಕ್ಕ ಬಿಕ್ಕುತ್ತ ಬಂದು ಅವಳ ಕೈ ಹಿಡಿದುಕೊಂಡಳು. "ತಪ್ಪಾಯ್ತು ಕಣೇ. ಇನ್ನು ನನ್ನ ಹತ್ರ ಮಾತೇ ಆಡಲ್ವಾ?"

ಹುಡುಗಿ ಕೈ ಬಿಡಿಸಿಕೊಳ್ಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಯಾಕೆ ಆಡಲ್ಲಕ್ಕ? ಅಮ್ಮನಿಗೆ ಏನಾದ್ರೂ ತಿಳಿಸ್ಬೇಕು ಅನ್ನಿಸ್ದಾಗ ನಿನ್ನ ಹತ್ರಾನೇ ಹೇಳ್ತೀನಿ."