ಕೊನೆಯ ಸ್ನಾನದ ನೀರು

ಫುರ್ಕಾನ್ ಕೈಪಂಪು ಒತ್ತಿ ಎರಡನೇ ಬಕೆಟ್ ತುಂಬಿಸುತ್ತಿದ್ದಾಗ ಓಣಿಯ ಬಾಯಲ್ಲಿ ಕಾರು ನಿಂತಿತು. ಇಳಿದವರು ಡಾಕ್ಟರ್ ನಿಗಮ್. ತೀರಿಹೋದ ಅಣ್ಣ ಅಜ್ಮತ್‌ನ ಜೊತೆ ಸರ್ಕಾರಿ ವಿಷವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದವರು. ಎರಡು ದೊಡ್ಡ ಕ್ಯಾನುಗಳನ್ನು ತಾವೇ ಹೊತ್ತು ತಂದು ಪಂಪಿನ ಪಕ್ಕ ಇಟ್ಟರು.

"ನಮ್ಮ ಲ್ಯಾಬಿನ ನೀರು. ತಲತ್ ಭಾಭಿ ಫೋನ್ ಮಾಡಿದ್ರು, ಸ್ನಾನ ಇದರಲ್ಲೇ ಆಗಲಿ ಅಂತ."

ಹೆಣ ತೊಳೆಯುವ ಬುಂದೂ ಮಿಯಾ ಕರ್ಪೂರ ಪುಡಿ ಮಾಡುತ್ತಿದ್ದ ಕೈ ನಿಲ್ಲಿಸಿದ. "ಯಾಕೆ ಸಾಹೇಬ್ರೆ, ನಮ್ಮ ನೀರಿಗೇನು ಬಂದಿದೆ ದೊಡ್ಡ ರೋಗ?"

ನಿಗಮ್ ಬಕೆಟ್ಟಿನೊಳಗೆ ನೋಡಿದರು. ನೀರು ಸಾಸಿವೆ ಎಣ್ಣೆ ತೆಳುವಾದಂತೆ ಹಳದಿಯಾಗಿತ್ತು.

"ಹೆಣದ ಸ್ನಾನಕ್ಕೆ ಬೋರೆ ಎಲೆ ಹಾಕಿ ಕಾಯಿಸಿದ್ರೆ ಹೆಂಗೂ ಬಣ್ಣ ತಿರುಗತ್ತೆ," ಎಂದ ಪಕ್ಕದ ಮನೆಯ ಲಡ್ಡನ್. "ಐದು ಹೊತ್ತು ಇದರಲ್ಲೇ ಕೈಕಾಲು ತೊಳ್ಕೊಂಡು ನಮಾಜಿಗೆ ನಿಲ್ತೀವಿ. ಹೆಣಕ್ಕೇ ಆಗಲ್ಲ ಅಂದ್ರೆ ಇಷ್ಟು ವರ್ಷದ ನಮಾಜೆಲ್ಲ ಎಲ್ಲಿಗೆ ಹೋಯ್ತು, ಚರಂಡಿಗಾ?"

ಪರದೆಯ ಹಿಂದಿನಿಂದ ಅತ್ತಿಗೆ ತಲತ್‌ಳ ದನಿ ಬಂತು. "ಫುರ್ಕಾನ್ ಮಿಯಾ, ಬದುಕಿರೋ ತನಕ ನಿಮ್ಮಣ್ಣ ಈ ನೀರನ್ನ ತುಟಿಗೆ ತಾಗಿಸಲಿಲ್ಲ. ಈಗ ಬೇಡ ಅನ್ನೋಕೆ ಅವರಿಗೆ ಬಾಯಿಲ್ಲ."

•

ಅಜ್ಮತ್ ದಿನಾ ಕಾನ್ಪುರದಿಂದ ರೈಲಿನಲ್ಲಿ ಕೆಲಸಕ್ಕೆ ಹೋಗಿ, ಸಂಜೆ ಕ್ಯಾನಿನಲ್ಲಿ ನೀರು ಹೊತ್ತು ಬರುತ್ತಿದ್ದ. ಓಣಿಯವರು ಅವನಿಗೆ 'ನೀರ್ ಡಾಕ್ಟರ್' ಎಂದು ಹೆಸರಿಟ್ಟಿದ್ದರು. ಒಮ್ಮೆ ತಮ್ಮನನ್ನು ಸಂಸ್ಥೆಗೆ ಕರೆದೊಯ್ದ. ಸಾಲು ಗೂಡುಗಳಲ್ಲಿ ಬಿಳಿ ಇಲಿಗಳು. ಕೊನೆಯ ಸಾಲಿನ ಬಾಟಲಿಗಳ ಮೇಲೆ ತಮ್ಮ ಓಣಿಯ ಹೆಸರು.

"ನಮ್ಮ ನೀರನ್ನ ಇಲಿಗೆ ಕುಡಿಸ್ತೀಯಾ?" ಫುರ್ಕಾನ್ ನಕ್ಕಿದ್ದ.

"ಇವು ಕೆಲವು ತಿಂಗಳು ಕುಡೀತಾವೆ ಅಷ್ಟೆ. ನಿನ್ನ ಮಗಳು ಜೀನತ್ ಹುಟ್ಟಿದಾಗಿಂದ ಕುಡೀತಿದ್ದಾಳೆ."

"ಇಲಿಗೇನಾಯ್ತು?"

ಅಜ್ಮತ್ ಗೂಡಿನ ಮೇಲೆ ಬಟ್ಟೆ ಎಳೆದ. "ನನ್ನ ಕ್ಯಾನಿಂದ ಮಗೂಗೆ ಒಂದು ಬಾಟ್ಲಿ ತಗೊಂಡ್ಹೋಗೋ."

ಫುರ್ಕಾನ್ ಒಯ್ಯಲಿಲ್ಲ. ಓಣಿಯ ಹಿಂದೆಯೇ ಕೊಳೆನೀರು ಬಿಡುವ ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ದುಡಿಯುವವನು ಅಣ್ಣನ ಮನೆಯ ನೀರಿಗೆ ಬಾಟಲಿ ಹಿಡಿದು ನಿಂತರೆ ಜೊತೆಯವರು ಆಡಿಕೊಳ್ಳದೆ ಬಿಡುತ್ತಾರೆಯೇ? ಎರಡು ವರ್ಷದ ಮೇಲೆ ಜೀನತ್‌ಳ ಹೊಟ್ಟೆ ಊದಿತು. ಅವಳನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಅಜ್ಮತ್ ಬಾಗಿಲಲ್ಲಿ ಬಂದು ನಿಂತಾಗ ಫುರ್ಕಾನ್ ಹೇಳಿದ್ದ: "ನೀರು ಅಂತ ಒಂದು ಮಾತು ಬಂದ್ರೆ ನಾಲಗೆ ಕಿತ್ತು ಹಾಕ್ತೀನಿ."

ಅಜ್ಮತ್ ಆ ಮಾತು ಮತ್ತೆ ಎತ್ತಲೇ ಇಲ್ಲ. ನಿನ್ನೆ ರೈಲಿನಲ್ಲಿ ಎದೆ ಹಿಡಿದುಕೊಂಡು ಒರಗಿದವನು ಹಾಗೆಯೇ ಹೋಗಿಬಿಟ್ಟ.

•

"ಹತ್ತಿರದ ರಕ್ತ ನೀನೇ. ತೀರ್ಮಾನ ನಿಂದು ಮಗಾ," ಎಂದ ಬುಂದೂ. ಆಮೇಲೆ ದನಿ ತಗ್ಗಿಸಿದ. "ನಿನ್ನ ಮಗೂನ ಯಾವ ನೀರಲ್ಲಿ ತೊಳೆದಿದ್ದು? ಅದನ್ನೂ ಯೋಚ್ನೆ ಮಾಡು."

ಓಣಿಯೆಲ್ಲ ಅವನ ಮುಖವನ್ನೇ ನೋಡುತ್ತಿತ್ತು. ನಿಗಮ್ ಒಂದು ಕ್ಯಾನಿನ ಮುಚ್ಚಳ ತಿರುಗಿಸಿ ತೆಗೆದರು. ಒಳಗಿನ ನೀರಿಗೆ ಬಣ್ಣವೇ ಇರಲಿಲ್ಲ. ಫುರ್ಕಾನ್ ಅದನ್ನು ಒಂದು ಗಳಿಗೆ ನೋಡಿದ. ಆಮೇಲೆ ಪಂಪಿನ ಹಿಡಿಯನ್ನು ಹಿಡಿದು, ತೋಳು ಕಿತ್ತು ಬರುವ ಹಾಗೆ ಒತ್ತತೊಡಗಿದ.

ಪರದೆಯ ಹಿಂದೆ ತಲತ್ ಅಳುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು. ನಿಗಮ್ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಗೋಡೆಯ ಕಡೆಗೆ ತಿರುಗಿ ನಿಂತರು.

ಬಲಗಡೆ ಮೊದಲು, ಆಮೇಲೆ ಎಡಗಡೆ. ಬುಂದೂ ಸುರಿದ, ಫುರ್ಕಾನ್ ಉಜ್ಜಿದ. ಕೊನೆಯ ಸಲ ನೀರು ಇಳಿದ ಮೇಲೆ ಅಣ್ಣನ ಬಿಳಿ ಗಡ್ಡ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

"ಯಾ ಅಲ್ಲಾ," ಎಂದ ಲಡ್ಡನ್ ಹಿಂದಿನಿಂದ ಬಗ್ಗಿ ನೋಡಿ. "ಮುಖದಲ್ಲಿ ಎಂಥ ಬೆಳಕು ನೋಡ್ರೋ! ಬಂಗಾರದ ಹಾಗೆ."

"ಪುಣ್ಯವಂತ," ಎಂದರು ಯಾರೋ. ಉಳಿದವರೂ ನೋಡಲು ಮುಂದೆ ಬಂದರು.

ಫುರ್ಕಾನ್ ಟವೆಲಿನ ಒಣ ತುದಿ ಹುಡುಕಿ ಆ ಗಡ್ಡವನ್ನು ಒರೆಸಿದ. ಮತ್ತೆ ಒರೆಸಿದ. ಹೆಣಕ್ಕೆ ಹೊದಿಸುವ ಕಫನ್ ಬಟ್ಟೆ ಹಿಡಿದು ನಿಂತ ಬುಂದೂ "ಸಾಕು ಬಿಡು" ಎಂದರೂ ಒರೆಸುತ್ತಲೇ ಇದ್ದ.